ನವಲೂರ ಏರು

ವಖಾರದ ಬಾಗಲಾ ತಗದಾಗ ಮದಲ ಹೊರಗ ಬಂದದ್ದು
ಅರಳಿ ಧೂಳು. ಆಮ್ಯಾಲೆ ಒಂದು ಬೆಕ್ಕು.
ಕಣ್ಣು ಕತ್ತಲಿಗೆ ಹೊಂದಿಕೊಂಡಾಗ
ಮೂಲ್ಯಾಗ ಕಂಡಿತು ಗಾಡಿ,
ಮುಂದಿನ ಎರಡೂ ಗಾಲಿ ಇಲ್ಲದ್ದು, ಮಣಕಾಲೂರಿದ ಎತ್ತಿನಂಗ.

ಪುಣೆದಿಂದ ಬಂದ ಕರಂದೀಕರ ಸಾಹೇಬ್ರು
ಭೂತಗನ್ನಡಿ ತಗದ್ರು, ವಹಿ ತಗದ್ರು.
ಮೂಗಿನ ಬಿಲ್ಲೆ ಯಾರೋ ಕಿತ್ತಾರ,
ಇಂಜಿನ್ ನಂಬರ್ ಅರದಿಂದ ಉಜ್ಜ್ಯಾರ.
"ಹೆಸರಿಲ್ಲದ್ದನ್ನ ಹೆಂಗ ಗುರುತು ಹಿಡಿಯೋದು, ಮೋದಿನಸಾಬ?"

ಹೆಸರು ಬಿಡ್ರಿ, ಅಂದೆ.
ಒಂದರ ಬಿಲ್ಲೆ ಇನ್ನೊಂದರ ಮೂಗಿಗೆ ಹಚ್ಚಿ ಮಾರಿದವರನ್ನ ಕಂಡೇನಿ.
ಬಗ್ಗಿ ನೋಡ್ರಿ, ಮುಂದಿನ ಪಾಟಾ ಉದ್ದ ಇಲ್ಲ, ಅಡ್ಡ ಐತಿ,
ಒಂದಽ ಒಂದು, ಬಾಗಿಸಿದ ಬಿಲ್ಲು.
ನೀರಿನ ಪಂಪ್ ಹುಡುಕಬ್ಯಾಡ್ರಿ.
ಕಾದ ನೀರು ತಾನಽ ಏರತೇತಿ, ತಣದದ್ದು ತಾನಽ ಇಳೀತೇತಿ,
ಎಸರಿಟ್ಟು ಗೊತ್ತಿದ್ದಾಕಿಗೆ ಇದನ್ನ ಹೇಳೋದು ಬ್ಯಾಡ.
ಸ್ಟೇರಿಂಗಿನ ಕೆಳಗ ಎರಡು ಮೀಸಿ:
ಬಲದ್ದು ಎಣ್ಣಿಗೆ, ಎಡದ್ದು ಕಿಡಿಗೆ.
ಎಡದ ಮೀಸಿ ತಪ್ಪಿದರ ಹ್ಯಾಂಡಲ್ ತಿರುವಿದವನ ಮುಂಗೈ ಮುರೀತಿತ್ತು.
ಎಲುಬು ಕಟ್ಟಾವರು ನೋಡಿದ ಕೂಡ್ಲೆ
"ಮೋಟಾರೇನು?" ಅಂತಿದ್ರಂತ.

ಸಾಹೇಬ್ರು ಬರಕೊಂಡ್ರು: ಫೋರ್ಡ್, ಮಾಡೆಲ್ ಟಿ.
ಮೂತಿ ಹಿತ್ತಾಳಿ ಅಲ್ಲ, ಕರೇದು, ಅಂದ್ರ ಹದಿನೇಳರ ಈಚೀದು.
ವಹಿ ಮುಚ್ಚಿದ್ರು.

ನಾ ಸೀಟಿನ ಗಾದಿ ಎತ್ತಿದೆ.
ಇಲಿ ಕಟ್ಟಿದ ಅರಳಿ ಗೂಡು, ಅದರ ಬುಡಕ್ಕ ಟಾಕಿ.
ಎಣ್ಣಿ ತಾನಾಗಿ ಹರದು ಇಂಜಿನ್ನಿಗೆ ಹೋಗಬೇಕು,
ಕಡದ ಏರು ಬಂತಂದ್ರ ಮೂತಿ ಮ್ಯಾಲ, ಎಣ್ಣಿ ಕೆಳಗ, ಇಂಜಿನ್ ಗಪ್ಪು.
ಅದಕಽ ಏರಿನ ಬುಡಕ್ಕ ಗಾಡಿ ಹೊಳ್ಳಿಸಿ
ಹಿಂದಹಿಂದ ಏರಸ್ತಿದ್ರು.

ಅಂಗಿ ತೋಳಿಲೆ ಮೂರೂ ಪೆಡಲು ಒರಸಿದೆ.
ಎಡದ್ದರ ಗೀರು ಬೆರಳಿಗೆ ಹತ್ತತಾವ, ಬಲದ್ದರವೂ.
ನಡುವಿಂದು, ಹಿಂದಕ್ಕ ಒಯ್ಯೋದು,
ಒಂದು ಬದಿ ಸವದು ಸವದು ಹಳೇ ಆಣೆದಂಗ ಆಗೇತಿ.
"ಬ್ರೇಕ್ ಹೋದಾಗ ಅದನ್ನಽ ತುಳೀತಿದ್ರಲ್ಲ," ಅಂದ್ರು ಸಾಹೇಬ್ರು.
ಖರೇ. ಆದ್ರ ಇಷ್ಟಲ್ಲ.

ನಮ್ಮ ಮನ್ಯಾಗ ಒಂದು ಫೋಟೋ ಐತ್ರಿ, ಅಜ್ಜ ರಾಜೇಸಾಬಂದು.
ಖಾಕಿ ಕೋಟು, ಕೊಳ್ಳು ಎಡಕ್ಕ ಹೊಳ್ಳಿದ್ದು.
ಫೋಟೋದಾಂವ ಎಷ್ಟು ಅಂದರೂ ನೆಟ್ಟಗಾಗಲಿಲ್ಲಂತ.
ಸೊಕ್ಕು, ಅಂದ್ರು ಮಂದಿ.
ನಾಚಿಕಿ, ಅಂತಿದ್ಲು ಅಜ್ಜಿ.
ವಾರಕ್ಕ ಮೂರು ಸಲ ಉಳವಪ್ಪ ಸಾವಕಾರ್ರ ದಾವೆ, ಧಾರವಾಡ ಕೋರ್ಟು.
ನವಲೂರ ಪೇರಲ ತ್ವಾಟದ ಹಂತೇಲಿ ಗಾಡಿ ಹೊಳ್ಳಸಾಂವ.
ಸಾವಕಾರ್ರು ಹುಬ್ಬಳ್ಳಿಗೆ ಮಾರಿ ಮಾಡಿ ಕುಂತಽ
ಧಾರವಾಡದ ಏರು ಹತ್ತಾವರು.
ಮುಂದ ಏನೈತಿ ಅಂತ
ನೋಡಾಂವ ಅಜ್ಜ ಒಬ್ಬಾಂವಽ.

"ಪೆಡಲು ಹೊಸದು ಸಿಗತಾವ," ಅಂದ್ರು ಕರಂದೀಕರ ಸಾಹೇಬ್ರು,
"ತರಸಿ ಹಾಕೋಣ."
ಸಿಗತಾವ್ರಿ, ಅಂದೆ.

ಚಪ್ಪಲಿ ಕಳದು ಒಳಗ ಕುಂತೆ,
ಬರಿಗಾಲು ನಡುವಿನದರ ಮ್ಯಾಲಿಟ್ಟೆ.
ತಣ್ಣಗಿತ್ತು.
ಕೊಳ್ಳು ತಾನಽ ಎಡಕ್ಕ ಹೊಳ್ಳಿತು:
ವಖಾರದ ಗ್ವಾಡಿ, ಅರಳಿ ಅಂಡಿಗಿ,
ತಿರಿಗಿ ಬಂದು ಕುಂತ ಬೆಕ್ಕು.