ಮೂರನೆಯ ತಿಂಗಳು

ಎಸ್ಬಿಯರ್ ಬಂದರಿನಲ್ಲಿ ಕೊನೆಯ ದೋಣಿಯೂ ಕೂಗಿ ಹೋಯಿತು.
ಆಸ್ಗರ್ ಇನ್ನೂ ಅಡುಗೆಮನೆಯ ಮೇಜಿಗೆ
ಕಾಗದ ಹರಡಿಕೊಂಡು ಕೂತಿದ್ದಾನೆ,
ಬೋಲ್ಟು ಬಿಗಿಯುವ ದಪ್ಪ ಬೆರಳನ್ನು
ಸಾಲಿನ ಕೆಳಗಿಟ್ಟು:
ಅಲ್ಯೂಮಿನಿಯಂ, ಅರ್ಧ ಮಿಲಿಗ್ರಾಂ.
'ಸಾಸಿವೆಯಷ್ಟೂ ಇಲ್ಲ.'
'ಅಷ್ಟು ಸಾಕಲ್ಲವಾ,' ಅನ್ನುತ್ತೇನೆ ನಾನು.

ನೆಲದ ಮೇಲೆ ಮಾಲ್ಥೆ,
ಆರು ವರ್ಷ, ಆರು ಮಾತು,
ಕಪ್ಪೆಚಿಪ್ಪುಗಳನ್ನು ಗೋಡೆಯಿಂದ ಗೋಡೆಗೆ
ಸಾಲಿಡುತ್ತಿದ್ದಾನೆ.
ಒಂದು ಸರಿದರೆ ಮನೆಯೇ ಸರಿದಂತೆ.

ತೊಟ್ಟಿಲಲ್ಲಿ ಥೂರಾ. ಬೆಳಿಗ್ಗೆ ಒಂಬತ್ತಕ್ಕೆ ಸೂಜಿ.

'ದೇಶದ ಮಕ್ಕಳನ್ನೆಲ್ಲ ಎಣಿಸಿದ್ದಾರೆ,
ನಂಟು ಕಂಡಿಲ್ಲ.'
ಎಲ್ಲರನ್ನೂ ಅಂದರೆ?
ಮಾಲ್ಥೆ ಹುಟ್ಟಿದ ವರ್ಷ ಹುಡುಕಿದೆ. ಇತ್ತು.
ಹಾಗಾದರೆ ಆ ಕೋಷ್ಟಕದ ಯಾವುದೋ ಮನೆಯಲ್ಲಿ
ನಮ್ಮವನೂ ಒಂದು ಅಂಕಿ,
ಹೆಸರು ಕಳಚಿಟ್ಟು, ಚಿಪ್ಪಿನ ಹಾಗೆ
ಉಳಿದವರ ಪಕ್ಕ ಕೂತಿದ್ದಾನೆ.

ಯಾರನ್ನಾದರೂ ಬೈಯಬೇಕಿತ್ತು ನನಗೆ.
ಕಾಗದದಲ್ಲಿ ಯಾರೂ ಸಿಗಲಿಲ್ಲ.
ಸಿಕ್ಕಿದ್ದು ಚಿಕ್ಕಮ್ಮ ಇಂಗರ್:
ದಡಾರಕ್ಕೆ ಕಿಟಕಿಗೆಲ್ಲ ಕಂಬಳಿ ಕಟ್ಟಿ ಮಲಗಿಸಿದ್ದರಂತೆ,
ಜ್ವರ ಇಳಿಯಿತು, ಕಿವಿ ಮರಳಲಿಲ್ಲ.
ಮದುವೆಯಲ್ಲಿ ಅವಳು
ಪಿಟೀಲಿನ ಮೇಲೆ ಕೈಯಿಟ್ಟು ನಿಂತಿದ್ದಳು.

ಬೆಳಿಗ್ಗೆ ಸಾಲು ಕದಲದಂತೆ
ಕಾಲೆತ್ತಿ ಕಾಲೆತ್ತಿ ದಾಟಿದೆ,
ಕೂಸಿನ ಟೊಪ್ಪಿ ಹುಡುಕುತ್ತ.