ಚಿಲ್ಲರೆ

ಮಂಡಿ ಮೊಹಲ್ಲಾದ ಫೋಮ್ ಅಂಗಡಿಯಲ್ಲಿ
ಚಪ್ಪಲಿ ಬಿಟ್ಟು ನೆಲದ ಮೇಲೆ ಮಗ್ಗುಲಾದೆ.
ಇಪ್ಪತ್ತೆರಡು ವರ್ಷ ಡಿಪೋ ಬೆಂಚಿನಲ್ಲಿ
ಟಿಕೆಟ್ ಚೀಲ ತಲೆಗಿಟ್ಟು ಮಲಗಿದವಳಿಗೆ
ನಾಚಿಕೆ ಎಂಥದ್ದು?

ನೀಲಿಯದು ಮೆತ್ತಗಿತ್ತು. ಇಪ್ಪತ್ತು ಎಣಿಸುವಷ್ಟರಲ್ಲಿ
ಸೊಂಟದ ಮೂಳೆ ನೆಲವನ್ನು ಮಾತಾಡಿಸಿತು.
ದಪ್ಪನೆಯದು ಒಳ್ಳೆಯದೇ, ಸುತ್ತಿ ಹೊತ್ತರೆ
ಬೆನ್ನ ಮೇಲೆ ಇನ್ನೊಬ್ಬಳು.

ದಾದಾಪೀರ್ ನಗಲಿಲ್ಲ.
ಅವರಪ್ಪ ಬಿಲ್ಲು ಮೀಟಿ ಹತ್ತಿ ಹಿಂಜಿದವರು.
"ಮೇಲೆ ಎಷ್ಟು ಹೊದ್ರೇನಕ್ಕ, ಚಳಿ ಬರೋದು ಕೆಳಗಿಂದ.
ಮೈಭಾರಕ್ಕೆ ಹತ್ತಿ ಚಪ್ಪಟೆ. ಇದು ನೋಡಿ,
ಒಳಗಿನ ಒಂದೊಂದು ಕಣ್ಣೂ ಮುಚ್ಚಿದೆ"
ಎಂದು ಬೂದುಬಣ್ಣದ ತುಂಡೊಂದನ್ನು ಅಂಗೈಗಿಟ್ಟರು.
ಸ್ವಲ್ಪ ಹೊತ್ತಿಗೆ
ನನ್ನದೇ ಬಿಸಿ ನನಗೆ ವಾಪಸ್ಸು ಬಂತು,
ಬಾಕಿ ಉಳಿಸದ ಚಿಲ್ಲರೆಯ ಹಾಗೆ.

ಅದನ್ನೇ ಕೊಡಿ, ಮೊಣಕಾಲಿನವರೆಗೆ ಸಾಕು,
ಕಾಲಡಿಗೆ ಖಾಲಿ ಚೀಲ ಹಾಸಿಕೊಳ್ತೀನಿ ಅಂದೆ.
ಶನಿವಾರ ರಾತ್ರಿ ಕುಂತಿಬೆಟ್ಟದ ಬಂಡೆ,
ಎದ್ದು ಹತ್ತಬೇಕಾದ ಮೊದಲ ಬಸ್ಸಿಲ್ಲ.

ಕತ್ತರಿಸಿದ ಚೂರನ್ನೂ ಮಡಚಿ ಕೊಟ್ಟರು:
"ಪಾಂಡವಪುರದವರೆಗೆ, ಕೂರೋಕೆ."
ಬಸ್ಸಿನಲ್ಲಿ ಕೂತು ಹೋಗಿ ಗೊತ್ತಿಲ್ಲ ನನಗೆ.
ತಗೊಂಡೆ.