ಲಕ್ಕಿ ಕಡ್ಡಿ

ಜಯಮಂಗಲಿಯ ದಂಡೆಯಲ್ಲಿ
ಮರಳಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೂಡ್ಲಗಿರಿಯೇ
ಈಗ ಗುಳಿ ತೋಡುತ್ತಾನೆ, ಮೊಣಕೈವರೆಗೆ.
ಬೆರಳಿಗೆ ಒದ್ದೆ ತಗುಲಿದ ಮೇಲೆ
‘ಸಾಕು, ಇಡು’ ಅನ್ನುತ್ತಾನೆ.
ನಾನು ಲಕ್ಕಿ ಕಡ್ಡಿ ಇಡುತ್ತೇನೆ,
ಮಾರು ಬಿಟ್ಟು ಲಾವಂಚದ ಬುಡ.

ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ
ಲಕ್ಕಿಯನ್ನು ಮೂಸಿ, ಸೀನಿ, ಹಿಂದಿರುಗಿತು.

ಆಷಾಢದ ಗಾಳಿಗೆ
ಮುದ್ದೆಯೊಳಗೂ ಹೊಳೆ ಕರಕರ ಎನ್ನುತ್ತಿತ್ತು.
ಎಷ್ಟು ವರ್ಷ ತಿಂದೆವು ಹೊಳೆಯನ್ನು,
ಅವನು ಲೋಡುಗಟ್ಟಲೆ, ನಾನು ತುತ್ತಿಗಿಷ್ಟು.

ನೂರು ಕಡ್ಡಿಯಲ್ಲಿ ಚಿಗುರಿದ್ದು ಮೂವತ್ತೊಂದು.
ಉಳಿದವನ್ನು ಒಲೆಗೆ ಹಾಕಲೂ ಮನಸ್ಸಾಗದೆ
ಅಲ್ಲೇ ಬಿಟ್ಟಿದ್ದೇನೆ.

ಇವತ್ತು ಒಂದರ ಬುಡದಲ್ಲಿ,
ಗಾಳಿಯ ಮರೆಗೆ, ಗೇಣುದ್ದ ಮರಳು ನಿಂತಿತ್ತು:
ಸಣ್ಣ ದಿಬ್ಬ, ಬೆಕ್ಕು ಮಲಗಿದಷ್ಟು.

ಮೂಡ್ಲಗಿರಿ ಸಲಿಕೆ ಹೆಗಲಿಗೇರಿಸಿ
ಅದನ್ನು ತುಳಿಯದೆ
ಸುತ್ತಿ ಬಂದ.